ಮನೆಗೆ ಎ, ಬಿ, ಸಿ. ಮಕ್ಕಳಿಗೆ ಯಾವ ಕಾಲಂ?



2019ರ ಆಗಸ್ಟ್‌ನಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಉಕ್ಕಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ನದಿದಂಡೆಯ ಊರುಗಳನ್ನು ಮುಳುಗಿಸಿದಾಗ ನಾನು ಸೇವೆಯಲ್ಲಿದ್ದೆ. ಬಿದ್ದ ಮನೆಗಳ ಸಮೀಕ್ಷೆ ಮಾಡಿದವರಲ್ಲಿ ನಾನೂ ಒಬ್ಬ. ಪೂರ್ತಿ ಬಿದ್ದ ಮನೆ ಎ ವರ್ಗ, 5 ಲಕ್ಷ ರೂಪಾಯಿ. ಅರ್ಧ ಬಿದ್ದದ್ದು ಬಿ. ಅಲ್ಪಸ್ವಲ್ಪ ಹಾನಿಯಾದದ್ದು ಸಿ, 50 ಸಾವಿರ. ಗೋಡೆಯ ಬಿರುಕನ್ನು ಟೇಪು ಹಿಡಿದು ಅಳೆದೆವು. ಆ ಗೋಡೆಗೆ ಒರಗಿ ಕೂತಿದ್ದ 13 ವರ್ಷದ ಹುಡುಗನ ಮುಖ ಯಾರೂ ನೋಡಲಿಲ್ಲ. ನಾನೂ ನೋಡಲಿಲ್ಲ. ನಮ್ಮ ನಮೂನೆಯಲ್ಲಿ ಅವನಿಗೆ ಕಾಲಂ ಇರಲಿಲ್ಲ.

2021ರ ಜುಲೈನಲ್ಲಿ ಮತ್ತೆ ನೆರೆ ಬಂತು. 2022ರಲ್ಲಿ ಹುಡುಗ ಹತ್ತನೆಯದರಲ್ಲಿ ಫೇಲಾದ. ಈಗ ಕಬ್ಬಿನ ಟ್ರ್ಯಾಕ್ಟರ್ ಮೇಲೆ ಇರುತ್ತಾನೆ. ಈಚೆಗೆ ಸಿಕ್ಕಾಗ ಅವನೇ ಗುರುತು ಹಿಡಿದು ಮಾತಾಡಿಸಿದ: “ಸಾಹೇಬ್ರ, ಮಳಿ ಜೋರಾದ್ರ ಈಗೂ ನಿದ್ದಿ ಬರೂದಿಲ್ರಿ. ಸಾಲ್ಯಾಗ ಕುಂತ್ರೂ ನೀರಿಂದ ಚಿಂತಿ. ಯಾಕ ಅಂತ ಒಬ್ರೂ ಕೇಳಲಿಲ್ರಿ. ಎಲ್ಲಾರೂ ದಡ್ಡ ಅಂದ್ರು, ನಾನೂ ಹೌದಂದೆ.”

ಆ ಕೊನೆಯ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. ನೆರೆ ಮನೆ ಕೆಡವಿತು. ಹುಡುಗನನ್ನು ಕೆಡವಿದವರು ನಾವು.

ನೆರೆಯೊಂದೇ ಅಲ್ಲ. ಕುಡಿದು ಬರುವ ಅಪ್ಪನ ಹೆಜ್ಜೆ ಸಪ್ಪಳಕ್ಕೆ ನಡುಗುವ ಮಗಳಿದ್ದಾಳೆ. ಪರೀಕ್ಷೆಗೆ ಮೊದಲೇ ಮದುವೆ ಮಾತು ಮುಗಿಸಿಕೊಂಡು ಬಂದ ಮನೆಯವರ ಮುಂದೆ ಮೂಕಳಾದವಳಿದ್ದಾಳೆ. ದೇವದಾಸಿ ಪದ್ಧತಿಯನ್ನು 1982ರ ಕಾಯ್ದೆ ನಿಷೇಧಿಸಿತು. ಆದರೂ ಆ ತಾಯಂದಿರ ಮಕ್ಕಳನ್ನು ಹತ್ತು ಜನರೆದುರು “ಅಪ್ಪನ ಹೆಸರೇನು?” ಎಂದು ಕೇಳಿ ತಲೆ ತಗ್ಗಿಸುವವರು ನಮ್ಮಲ್ಲೇ ಇದ್ದಾರೆ. ಸೂಳೆ ಸಂಕವ್ವೆಯನ್ನು ವಚನಕಾರ್ತಿ ಎಂದು ಗೌರವಿಸಿದ ಪರಂಪರೆ ನಮ್ಮದು! ನಾಚಿಕೆಯಾಗಬೇಡವೇ?

ನಮ್ಮ ವೇದಿಕೆಗಳನ್ನು ನೋಡಿ. ಫಲಿತಾಂಶ ಬಂದೊಡನೆ ಪ್ರತಿಭಾ ಪುರಸ್ಕಾರ. 90ಕ್ಕಿಂತ ಹೆಚ್ಚು ಅಂಕ ಪಡೆದವರಿಗೆ ಶಾಲು, ಹಾರ, ಫೋಟೋ. ಆಮೇಲೆ ಅತಿಥಿಗಳಿಂದ ಒಂದು ತಾಸು ಬೈಗುಳ: ಈಗಿನ ಮಕ್ಕಳು ಮೊಬೈಲ್ ಹುಚ್ಚರು, ಸಂಸ್ಕಾರವಿಲ್ಲದವರು. ಹಿಂದಿನ ಸಾಲಿನಲ್ಲಿ ಕೂತ ಫೇಲಾದ ಹುಡುಗನಿಗೆ ಅಲ್ಲಿ ಪ್ರಸಾದ ಸಿಕ್ಕುತ್ತದೆ, ಮರ್ಯಾದೆ ಸಿಕ್ಕುವುದಿಲ್ಲ. ಅಂಗೈಯಲ್ಲಿ ಇಷ್ಟಲಿಂಗ ಕೊಟ್ಟು “ದೇವರು ನಿನ್ನೊಳಗೇ ಇದ್ದಾನೆ” ಎನ್ನುತ್ತೇವೆ. ಮನೆಗೆ ಬಂದು ಕಪಾಳಕ್ಕೆ ಬಾರಿಸಿ “ನೀ ದಂಡಪಿಂಡ” ಎನ್ನುತ್ತೇವೆ. ಮಗು ಯಾವುದನ್ನು ನಂಬಬೇಕು?

“ನಾವೂ ಏಟು ತಿಂದೇ ಬೆಳೆದೆವು” ಎನ್ನುವ ಹಿರಿಯರಿಗೆ ನನ್ನ ಉತ್ತರ ಇಷ್ಟೇ. ಏಟು ತಿಂದು ಶಾಲೆ ಬಿಟ್ಟವರು ಇಲ್ಲಿ ಭಾಷಣ ಮಾಡಲು ಬಂದಿಲ್ಲ. ನಾನು ಇಂಜಿನಿಯರ್ ಆದದ್ದು ಏಟಿನಿಂದಲ್ಲ. ಉಚಿತ ಪ್ರಸಾದ ನಿಲಯದಲ್ಲಿ “ಯಾಕೋ ತಮ್ಮಾ, ಮಾರಿ ಸಣ್ಣದಾಗೇತಿ?” ಎಂದು ಕೇಳುತ್ತಿದ್ದ ಅಡುಗೆಯ ಅಜ್ಜಿಯಿಂದ. ಸೇತುವೆಯ ಕಂಬ ವಾಲಿದರೆ ನಾವು ಕಂಬವನ್ನು ಬೈಯುವುದಿಲ್ಲ. ಬುಡದ ಮಣ್ಣು ಎಲ್ಲಿ ಕೊಚ್ಚಿಹೋಗಿದೆ ಎಂದು ನೋಡುತ್ತೇವೆ. ಮಕ್ಕಳಿಗೂ “ನಿನಗೇನು ರೋಗ?” ಎಂದು ಕೇಳುವ ಬದಲು “ನಿನಗೇನಾಯಿತು?” ಎಂದು ಕೇಳಬೇಕು. ಸದಾ ಅಪಾಯ ಕಾಯುತ್ತಿರುವ ಮನಸ್ಸಿಗೆ ಪಾಠ ಇಳಿಯುವುದಿಲ್ಲ. ಮೊದಲು ಭಯ ಹೋಗಬೇಕು.

ಶಿಸ್ತು ಬೇಡವೆಂದು ನಾನು ಹೇಳುತ್ತಿಲ್ಲ. ನಿಯಮ ಇರಲಿ, ಅದು ದಿನಕ್ಕೊಂದು ಆಗದಿರಲಿ. ಅವಮಾನ ಬೇಡ, ಹೊಡೆತ ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಮಠಗಳ ಶಾಲೆಗಳು ಇದರಿಂದ ಹೊರಗಿಲ್ಲ.

ಪೂಜ್ಯರಲ್ಲಿ ನನ್ನ ಬೇಡಿಕೆ ಮೂರು. ಒಂದು, ಪ್ರತಿ ಮಠದ ಶಾಲೆ ಮತ್ತು ಪ್ರಸಾದ ನಿಲಯದಲ್ಲಿ ಮಕ್ಕಳ ಮಾತು ಕೇಳಲು ತರಬೇತಿ ಪಡೆದ ಒಬ್ಬ ಅಕ್ಕ, ಒಬ್ಬ ಅಣ್ಣ ಇರಲಿ. ಅವರು ಉಪದೇಶ ಮಾಡಬಾರದು; ಮಗು ಹೇಳಿದ್ದನ್ನು ಊರಿಗೆ ಹರಡಬಾರದು. ಆದರೆ ಮಗುವಿನ ಮೇಲೆ ದೌರ್ಜನ್ಯ ನಡೆದಿದ್ದರೆ ಮುಚ್ಚಿಡಲೂಬಾರದು; 1098ಕ್ಕೆ ತಿಳಿಸಬೇಕು. ನಿದ್ದೆಗೆಟ್ಟವರಿಗೆ, ಬದುಕು ಬೇಡವೆನ್ನುವವರಿಗೆ ಟೆಲಿ ಮನಸ್ 14416 ಇದೆ. ಈ ಎರಡೂ ಸಂಖ್ಯೆಗಳನ್ನು ದಾಸೋಹ ಮನೆಯ ಗೋಡೆಗೆ ದೊಡ್ಡದಾಗಿ ಬರೆಸಿರಿ. ಎರಡು, ಪುರಸ್ಕಾರದ ದಿನ ಫೇಲಾದವರನ್ನೂ ಕರೆಯಿರಿ. ವೇದಿಕೆಗೆ ಹತ್ತಿಸಬೇಡಿ, ಪಕ್ಕದಲ್ಲಿ ಕೂಡಿಸಿಕೊಂಡು ಮರುಪರೀಕ್ಷೆಗೆ ಏನು ಸಹಾಯ ಬೇಕೆಂದು ಕೇಳಿರಿ. ಮೂರು, ಅವರಿಗೆ ಹೊಣೆ ಕೊಡಿ. ದಾಸೋಹದ ಲೆಕ್ಕ, ಗ್ರಂಥಾಲಯದ ಕೀಲಿ, ನದಿ ನೀರಿನ ಮಟ್ಟ ಬರೆಯುವ ಕೆಲಸ, ಯಾವುದಾದರೂ ಸರಿ. “ನಾನು ಮಾಡಬಲ್ಲೆ” ಎಂಬ ನಂಬಿಕೆ ಹೊಗಳಿಕೆಯಿಂದ ಬರುವುದಿಲ್ಲ, ಮಾಡಿದ ಕೆಲಸದಿಂದ ಬರುತ್ತದೆ. ಕಾಯಕವೆಂದರೆ ಇದೇ ಅಲ್ಲವೇ?

ಕೃಷ್ಣೆ ಮತ್ತೆ ಉಕ್ಕುತ್ತಾಳೆ. ಮತ್ತೆ ಸಮೀಕ್ಷೆಗೆ ಇಂಜಿನಿಯರುಗಳು ಬರುತ್ತಾರೆ, ಮನೆ ಅಳೆಯುತ್ತಾರೆ. ಸರ್ಕಾರದ ನಮೂನೆಯಲ್ಲಿ ಇಲ್ಲದ ಆ ಒಂದು ಕಾಲಂ ಮಠಗಳ ಪುಸ್ತಕದಲ್ಲಾದರೂ ಇರಲಿ.