ಸರಕಾರದ ವಕೀಲರು

ನಮ್ಮ ಸಂಘದ ವಾಚನಾಲಯದಲ್ಲಿ ಮೊನ್ನೆ ಹೈಸ್ಕೂಲು ಹುಡುಗನೊಬ್ಬ, “ಅಟಾರ್ನಿ ಜನರಲ್ ಎಂದರೆ ಸೈನ್ಯದವರೇ?” ಎಂದು ಕೇಳಿದ. ನಕ್ಕು ಬಿಡುವ ಪ್ರಶ್ನೆಯಲ್ಲ. ಕಾನೂನು ಅಭಿಪ್ರಾಯದ ಕಾಗದಗಳನ್ನು ದಿನವೂ ಕಡತಕ್ಕೆ ಸೇರಿಸುವ ನನ್ನಂಥ ಗುಮಾಸ್ತರಲ್ಲಿಯೂ ಅನೇಕರಿಗೆ ಇದರ ಉತ್ತರ ಪೂರ್ತಿ ತಿಳಿಯದು.

ಕೇಂದ್ರ ಸರಕಾರದ ಅತ್ಯಂತ ಹಿರಿಯ ಕಾನೂನು ಅಧಿಕಾರಿಯೇ ಅಟಾರ್ನಿ ಜನರಲ್. ಸಂವಿಧಾನದ 76ನೆಯ ವಿಧಿಯಂತೆ ಇವರನ್ನು ನೇಮಿಸುವವರು ರಾಷ್ಟ್ರಪತಿಗಳು. ಸುಪ್ರೀಂ ಕೋರ್ಟಿನ ನ್ಯಾಯಾಧೀಶರಾಗುವ ಅರ್ಹತೆ ಇವರಿಗಿರಬೇಕು. ಸರಕಾರಕ್ಕೆ ಸಲಹೆ ಕೊಡುವುದು, ಅದರ ಪರವಾಗಿ ವಾದಿಸುವುದು ಇವರ ಕೆಲಸ. ದೇಶದ ಯಾವ ನ್ಯಾಯಾಲಯದಲ್ಲಾದರೂ ಇವರು ಎದ್ದು ಮಾತನಾಡಬಹುದು. ಪಾರ್ಲಿಮೆಂಟಿನಲ್ಲಿಯೂ ಮಾತನಾಡಬಹುದು, ಆದರೆ ಮತ ಹಾಕುವಂತಿಲ್ಲ. ನಮಗಿರುವಂತೆ ನಿವೃತ್ತಿಯ ವಯಸ್ಸಿಲ್ಲ; ರಾಷ್ಟ್ರಪತಿಗಳ ಇಚ್ಛೆ ಇರುವವರೆಗೆ ಅಧಿಕಾರ.

ಮೊದಲನೆಯವರಾದ ಎಂ. ಸಿ. ಸೆತಲ್ವಾಡರು 1950ರಿಂದ 1963ರವರೆಗೆ ಈ ಸ್ಥಾನದಲ್ಲಿದ್ದರು. 1950ರಲ್ಲಿಯೇ ಎ. ಕೆ. ಗೋಪಾಲನ್ ಅವರ ಬಂಧನದ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಬಂತು. ಕೇಂದ್ರದ ಪರವಾಗಿ ನಿಂತವರು ಸೆತಲ್ವಾಡರು. ಬಂಧಿಯ ಪರವಾಗಿ ನಿಂತವರು ಎಂ. ಕೆ. ನಂಬಿಯಾರರು, ಮಂಗಳೂರಿನಲ್ಲಿ ವಕೀಲಿ ಮಾಡಿ ಮದರಾಸಿಗೆ ಹೋದವರು. ವ್ಯಕ್ತಿಸ್ವಾತಂತ್ರ್ಯವನ್ನು ಕಸಿಯುವ ಕಾಯಿದೆಯು ನ್ಯಾಯಸಮ್ಮತವೂ ಆಗಿರಬೇಕೆಂಬ ಅವರ ವಾದ ಅಂದು ಸೋತಿತು.

ಈ ಹುದ್ದೆಯ ಕಠಿಣ ಪರೀಕ್ಷೆ ತುರ್ತುಪರಿಸ್ಥಿತಿಯ ಕಾಲದ್ದು. ಬೆಂಗಳೂರಿನಲ್ಲಿ ಬಂಧಿತರಾದ ವಾಜಪೇಯಿ, ಅಡ್ವಾಣಿ ಮೊದಲಾದವರ ಮೊಕದ್ದಮೆಯೂ ಆಗ ಸುಪ್ರೀಂ ಕೋರ್ಟಿನ ಮುಂದಿತ್ತು. ಪೊಲೀಸಿನವನೊಬ್ಬ ದ್ವೇಷದಿಂದ ಯಾರನ್ನಾದರೂ ಕೊಂದರೆ ಪರಿಹಾರವುಂಟೇ ಎಂದು ನ್ಯಾಯಮೂರ್ತಿ ಎಚ್. ಆರ್. ಖನ್ನಾ ಕೇಳಿದರು. ತುರ್ತುಪರಿಸ್ಥಿತಿ ಇರುವವರೆಗೆ ಇಲ್ಲವೆಂದೇ ಅಟಾರ್ನಿ ಜನರಲ್ ನಿರೇನ್ ಡೇ ಉತ್ತರಿಸಬೇಕಾಯಿತು. ಅವರ ವಾದದ ಜಾಡು ಅಲ್ಲಿಗೇ ಒಯ್ಯುತ್ತಿತ್ತು. 1976ರ ಏಪ್ರಿಲಿನಲ್ಲಿ ಸರಕಾರ ಗೆದ್ದಿತು. ಐವರಲ್ಲಿ ಖನ್ನಾ ಒಬ್ಬರೇ ಒಪ್ಪಲಿಲ್ಲ.

ಕಾಲ ತಿರುಗಿತು. 1970 ಮತ್ತು 1978ರ ತೀರ್ಪುಗಳಲ್ಲಿ ನಂಬಿಯಾರರ ವಾದದ ತಿರುಳು ಮನ್ನಣೆ ಪಡೆಯಿತು. 2017ರಲ್ಲಿ ಅಟಾರ್ನಿ ಜನರಲ್ ಆದವರು ಅವರ ಮಗ ಕೆ. ಕೆ. ವೇಣುಗೋಪಾಲರೇ! ಮಂಗಳೂರಿನಲ್ಲಿ ಬೆಳೆದು, ಬೆಳಗಾವಿಯ ಲಾ ಕಾಲೇಜಿನಲ್ಲಿ ಓದಿದವರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ, ಖಾಸಗಿತನವು ಮೂಲಭೂತ ಹಕ್ಕಲ್ಲವೆಂಬ ಸರಕಾರದ ನಿಲುವನ್ನು ಮಂಡಿಸುವ ಭಾರ ಇವರ ಮೇಲೆ ಬಿತ್ತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರೂ ಒಮ್ಮತದಿಂದ ಅದು ಹಕ್ಕೇ ಎಂದರು. 1976ರ ತೀರ್ಪು ತಪ್ಪೆಂದು ಅದನ್ನು ತಳ್ಳಿಹಾಕಿದರು. ತಂದೆ ಹದಮಾಡಿದ ನೆಲದ ಮೇಲೆಯೇ ಮಗನಿಗೆ ಸೋಲಾಯಿತು.

ಇದರಲ್ಲಿ ಅವಮಾನವೇನಿಲ್ಲ. ಕಕ್ಷಿಗಾರನ ಮಾತನ್ನು ನ್ಯಾಯಾಲಯಕ್ಕೆ ತಲುಪಿಸುವುದು ವಕೀಲನ ಧರ್ಮ. ಆದರೆ ಸರಕಾರದ ವಕೀಲನಿಗೆ ಇನ್ನೊಂದು ಕರ್ತವ್ಯವುಂಟು: ಮೊಕದ್ದಮೆ ಹುಟ್ಟುವ ಮೊದಲೇ, “ಇದು ಸಲ್ಲದು” ಎಂದು ಹೇಳುವುದು. ಕೋರ್ಟಿನ ವಾದ ಮರುದಿನದ ಪತ್ರಿಕೆಯಲ್ಲಿ ಬರುತ್ತದೆ. ಕಡತದ ಅಂಚಿನಲ್ಲಿ ಬರೆದ ಆ ಎರಡು ಮಾತು ಎಲ್ಲಿಯೂ ಅಚ್ಚಾಗುವುದಿಲ್ಲ. ಆದರೂ ಎಷ್ಟೋ ಮನೆಗಳ ನೆಮ್ಮದಿ ಅದನ್ನೇ ಅವಲಂಬಿಸಿರುತ್ತದೆ. ಕಾನೂನು ಓದಬೇಕೆಂದಿರುವ ನಮ್ಮ ಮಕ್ಕಳಿಗೆ ಇದನ್ನೂ ಹೇಳಿರೋಣ.