ತಾಳಿದವಳು ಬಾಳಿಯಾಳೇ?

ನಮ್ಮ ಹಿತ್ತಿಲ ಶೆಡ್ಡಿನಲ್ಲಿ ಸೌದೆ, ಹಳೆಯ ತೊಟ್ಟಿಲು, ಕೆಟ್ಟುಹೋದ ಗ್ರೈಂಡರುಗಳ ನಡುವೆ ಹದಿನೆಂಟು ವರ್ಷ ಗೋಣಿಚೀಲ ಹೊದ್ದು ನಿಂತಿದ್ದ ಯೆಜ್ಡಿ ರೋಡ್‌ಕಿಂಗ್ ಬೈಕನ್ನು ನನ್ನ ಮಗಳು ಯುಗಾದಿಯ ಮಾರನೆಯ ದಿನ ಅಂಗಳಕ್ಕೆ ಎಳೆದು ತಂದಳು. ಅದು ನಮ್ಮ ಯಜಮಾನರು 1984ರಲ್ಲಿ ಕೊಂಡದ್ದು. ನಾನು ಮದುವೆಯಾಗಿ ಬಂದಾಗ ಅದರ ಹಿಂದೆ ಕೂತೇ ಊರು ನೋಡಿದ್ದು. ಮಗಳು ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವಳು. 'ಅಮ್ಮಾ, ಇದನ್ನು ರಿಪೇರಿ ಮಾಡಿ ಆರು ಗಂಟೆಯ ಓಟಕ್ಕೆ ಒಯ್ಯುತ್ತೇನೆ. ನಾನೂ ಚಿಕ್ಕಮ್ಮನ ಮಗಳೂ ಸರದಿಯಲ್ಲಿ ಓಡಿಸುತ್ತೇವೆ' ಎಂದಳು. ಹಳೆಯ ಬೈಕುಗಳಿಗಾಗಿಯೇ ಯಾವುದೋ ಕ್ಲಬ್ಬಿನವರು ನಡೆಸುವ ಓಟವಂತೆ.

ಸುಳ್ಳೇಕೆ ಹೇಳಲಿ, ಮೊದಲು ಬೇಡ ಎಂದವಳು ನಾನೇ. ಆದರೆ ನಾನು ಬೇಡ ಎಂದದ್ದಕ್ಕೂ ನಮ್ಮ ಮನೆಗೆ ಬಂದು ಹೋದ ಗಂಡಸರು ಬೇಡ ಎಂದದ್ದಕ್ಕೂ ವ್ಯತ್ಯಾಸವಿತ್ತು. ನನಗೆ ಇದ್ದದ್ದು ಬೀಳುತ್ತಾಳೆಂಬ ಭಯ. ಅವರು ಹೇಳಿದ್ದು ಬೇರೆ. 'ಹೆಣ್ಣುಮಕ್ಕಳಿಗೆ ಆರು ಗಂಟೆ ಬೈಕು ಓಡಿಸುವ ತ್ರಾಣ ಎಲ್ಲಿಂದ ಬರಬೇಕು?' ಎಂದರು ನನ್ನ ಮೈದುನ. ನಾನು ಕಾಫಿ ಲೋಟ ಕೈಗಿಡುತ್ತ ಅವರ ಮುಖವನ್ನೇ ನೋಡಿದೆ. ಇದೇ ಮನುಷ್ಯ ನಮ್ಮತ್ತೆ ಹಾಸಿಗೆ ಹಿಡಿದ ಮೂರು ವರ್ಷ, ಪ್ರತಿ ಸಲ ಬಂದಾಗಲೂ, 'ಅತ್ತಿಗೆ, ನಿಮ್ಮ ತಾಳ್ಮೆಗೆ ಎಣೆಯಿಲ್ಲ, ಹೆಣ್ಣೆಂದರೆ ಭೂಮಿತಾಯಿ' ಎಂದು ಹೊಗಳಿ ಊಟ ಮಾಡಿ ಬಸ್ಸು ಹತ್ತುತ್ತಿದ್ದವರು!

ಈ ಲೆಕ್ಕ ನನಗೆ ಅರ್ಥವಾಗುವುದಿಲ್ಲ. ಮೂರು ವರ್ಷ ರಾತ್ರಿ ಎದ್ದು ಕೂರಲು ಇರುವ ತ್ರಾಣ, ಆರು ಗಂಟೆ ಬೈಕಿನ ಮೇಲೆ ಕೂರಲು ಎಲ್ಲಿ ಹೋಗುತ್ತದೆ? ನಮ್ಮ ತಾಳ್ಮೆ ಅಡುಗೆಮನೆಯಿಂದ ಆಚೆಗೆ ಬಂದ ಕೂಡಲೇ ಆವಿಯಾಗುವ ವಸ್ತುವೇ? ಬೆಂಗಳೂರಿನ ಹುಡುಗಿ ಐಶ್ವರ್ಯ ಪಿಸ್ಸೆ 2019ರಲ್ಲಿ ಮರಳು, ಕಲ್ಲುಗಳ ದೂರದ ಓಟಗಳಲ್ಲಿ ಮಹಿಳೆಯರ ವಿಶ್ವಕಪ್ಪನ್ನೇ ಗೆದ್ದು ತಂದಳು. ಆಕೆಯ ಹೆಸರನ್ನು ಮೈದುನರಿಗೆ ಹೇಳಿದರೆ, 'ಅದೆಲ್ಲ ದೊಡ್ಡ ಊರಿನವರಿಗೆ' ಎಂದರು. ಮೊದಲು ಹೆಣ್ಣಾಗಿದ್ದು ತಪ್ಪಾಗಿತ್ತು. ಈಗ ಸಣ್ಣ ಊರಿನಲ್ಲಿ ಹುಟ್ಟಿದ್ದೂ ತಪ್ಪಾಯಿತು.

ಎರಡನೆಯ ವಿರೋಧ ಹಳೆಯ ಬೈಕುಗಳನ್ನು ಪ್ರೀತಿಸುವವರದು. ನಮ್ಮವರ ಸ್ನೇಹಿತರೊಬ್ಬರು, 'ಒರಿಜಿನಲ್ ಗಾಡಿಯನ್ನು ಕೆಡಿಸುವುದು ಪಾಪ, ಹೊಳಪು ಕೊಟ್ಟು ಹಾಗೇ ಇಡಿ' ಎಂದರು. ಅವರ ಸಂಕಟ ನನಗೆ ತಿಳಿಯುತ್ತದೆ. ಜೆಕೊಸ್ಲೊವಾಕಿಯದ ಜಾವಾ ಬೈಕು ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ 1961ರಿಂದ ತಯಾರಾಗಿ, ಎಪ್ಪತ್ತರ ದಶಕದಲ್ಲಿ ಯೆಜ್ಡಿ ಎಂಬ ಹೆಸರು ಪಡೆಯಿತು. 1996ರಲ್ಲಿ ಆ ಕಾರ್ಖಾನೆ ಬಾಗಿಲು ಹಾಕಿತು. 2022ರಲ್ಲಿ ಯೆಜ್ಡಿ ಎಂಬ ಹೆಸರೇನೋ ಮರಳಿ ಬಂತು, ಆದರೆ ಅದರೊಳಗಿನ ಎಂಜಿನ್ನೇ ಬೇರೆ. ಆ ಹಳೆಯ 'ಡುಗ್ ಡುಗ್' ಇನ್ನು ಹೊಸದಾಗಿ ಹುಟ್ಟುವುದಿಲ್ಲ. ಹಾಗೆಂದು ಗಾಜಿನ ಪೆಟ್ಟಿಗೆಯಲ್ಲಿಡಬೇಕೇ? ಈ ಬೈಕಿನ ಮೂಲ ವಂಶದವರು ಆರು ದಿನಗಳ ಅಂತರರಾಷ್ಟ್ರೀಯ ಓಟದಲ್ಲಿ ಕಾಡುಮೇಡು ಸುತ್ತಿದವರು. ಜೆಕೊಸ್ಲೊವಾಕಿಯದ ತಂಡ ಅದನ್ನು ಐವತ್ತರ ದಶಕದಲ್ಲೂ ಎಪ್ಪತ್ತರ ದಶಕದಲ್ಲೂ ಮತ್ತೆ ಮತ್ತೆ ಗೆದ್ದಿತು. ದಾರಿಯಲ್ಲಿ ಕೆಟ್ಟರೆ ಸವಾರನೇ ತನ್ನ ಬಳಿಯ ಸಲಕರಣೆಯಿಂದ ರಿಪೇರಿ ಮಾಡಿಕೊಳ್ಳಬೇಕಾದ ಓಟವದು. ಓಡುವುದಕ್ಕೆ ಹುಟ್ಟಿದ್ದನ್ನು ನಿಲ್ಲಿಸಿ ಪೂಜೆ ಮಾಡುವುದು ಗೌರವವಲ್ಲ. ಆ ಮಾತನ್ನು ಹೆಂಗಸರಾದ ನಾವು ಯಾರಿಂದಲೂ ಕಲಿಯಬೇಕಾಗಿಲ್ಲ. ಅಲ್ಲದೆ ಮಗಳು ಕಳಚಿದ ಒಂದೊಂದು ಭಾಗವನ್ನೂ ಎಣ್ಣೆ ಸವರಿ, ಕಾಗದದಲ್ಲಿ ಸುತ್ತಿ, ಚೀಟಿ ಅಂಟಿಸಿ, ನನ್ನ ಹಪ್ಪಳದ ಡಬ್ಬಿಗಳಲ್ಲಿಟ್ಟಿದ್ದಾಳೆ. ಚಾಸಿಗೆ ಗರಗಸ ತಾಗಿಸಿಲ್ಲ. ಬೇಕೆಂದರೆ ಒಂದು ವಾರದಲ್ಲಿ ಮೊದಲಿನ ಹಾಗೇ ಮಾಡಬಹುದು.

ಮೂರನೆಯ ವಿರೋಧಿಗಳು ನನಗೆ ಎಲ್ಲಕ್ಕಿಂತ ಪಾಠ ಕಲಿಸಿದರು. ಅವರು ವರ್ಕ್‌ಶಾಪಿನವರು. ಬೈಕು ನೋಡಿದ ಕೂಡಲೇ ಅವರ ಬಾಯಿಂದ ಬಂದದ್ದು ಒಂದೇ ಶಬ್ದ: ಪವರ್. ಹೆಡ್ಡನ್ನು ಕಡಿದು ಒತ್ತಡ ಹೆಚ್ಚಿಸಿ, ಪೋರ್ಟುಗಳನ್ನು ಅಗಲ ಮಾಡಿ, ಎರಡು ಸೈಲೆನ್ಸರಿನ ಬದಲು ಒಂದೇ ಕೊಳವೆ ಹಾಕಿ. ಮಗಳು ಎಲ್ಲವನ್ನೂ ಕೇಳಿಸಿಕೊಂಡು ನೋಟುಬುಕ್ಕಿನಲ್ಲಿ ಒಂದು ಲೆಕ್ಕ ಬರೆದು ನನಗೆ ತೋರಿಸಿದಳು. ಒಂದು ಸುತ್ತಿಗೆ ಎರಡು ನಿಮಿಷವಾದರೆ ಆರು ಗಂಟೆಗೆ 180 ಸುತ್ತು. ಅಷ್ಟೆಲ್ಲ ಖರ್ಚು ಮಾಡಿ ಸುತ್ತಿಗೆ ಎರಡು ಸೆಕೆಂಡು ಉಳಿಸಿದರೂ ಕೊನೆಗೆ ಉಳಿಯುವುದು ಆರು ನಿಮಿಷ. ಕ್ಲಚ್ ಕೇಬಲ್ ಒಮ್ಮೆ ತುಂಡಾಗಿ ಹೊಸದು ಹಾಕಲು ಹತ್ತು ನಿಮಿಷ ಹೋದರೆ ಉಳಿಸಿದ್ದೂ ಹೋಯಿತು, ಮೇಲೆ ನಾಲ್ಕು ನಿಮಿಷ ಸಾಲವೂ ಆಯಿತು. ಅದಕ್ಕೆ ಅವಳು ಮಾಡಿದ್ದೇನು ಗೊತ್ತೇ? ಓಡುವ ಕೇಬಲ್ಲಿನ ಪಕ್ಕದಲ್ಲೇ ಇನ್ನೊಂದು ಕೇಬಲ್ಲನ್ನು ಮೊದಲೇ ಎಳೆದು ಟೇಪು ಸುತ್ತಿಟ್ಟಳು. ತುಂಡಾದರೆ ತುದಿ ಸಿಕ್ಕಿಸಿದರೆ ಸಾಕು. ತಿಂಗಳ ಕೊನೆಗೆಂದು ಸಾಸಿವೆ ಡಬ್ಬಿಯಲ್ಲಿ ನೂರು ರೂಪಾಯಿ ಬಚ್ಚಿಡುವವರಿಗೆ ಈ ಬುದ್ಧಿ ತಕ್ಷಣ ಅರ್ಥವಾಗುತ್ತದೆ.

ಆ ದಿನದಿಂದ ನಾನು ಶೆಡ್ಡಿನ ಮೆಟ್ಟಿಲ ಮೇಲೆ ಕೂತು ನೋಡತೊಡಗಿದೆ. ಇದು 250 ಸಿಸಿ ವರ್ಗದ ಎರಡು ಸ್ಟ್ರೋಕಿನ ಎಂಜಿನ್ನು, ಪೆಟ್ರೋಲಿಗೇ ಎಣ್ಣೆ ಬೆರೆಸಿ ಕುಡಿಸಬೇಕು. ಎಣ್ಣೆ ಸಾಲದಿದ್ದರೆ ಅಥವಾ ಗಾಳಿ ಹೆಚ್ಚಾಗಿ ಪೆಟ್ರೋಲು ಕಡಿಮೆಯಾದರೆ ಒಳಗೆ ಶಾಖ ಏರುತ್ತದೆ, ಪಿಸ್ಟನ್ನು ಹಿಗ್ಗಿ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ, ಓಟ ಅಲ್ಲಿಗೆ ಮುಗಿಯಿತು. ಹಾಗಾಗಿ ಅವಳು ಮೊದಲು ಬದಲಿಸಿದ್ದು ಕಣ್ಣಿಗೆ ಕಾಣದ ಕ್ರ್ಯಾಂಕಿನ ಆಯಿಲ್ ಸೀಲುಗಳನ್ನು ಮತ್ತು ಬೇರಿಂಗುಗಳನ್ನು. ಹಳೆಯ ಸೀಲು ಬಿರಿದಿದ್ದರೆ ಕಳ್ಳಗಾಳಿ ಒಳಗೆ ಬರುತ್ತದೆಯಂತೆ. ಕಾರ್ಬೊರೇಟರಿಗೆ ತುಸು ದೊಡ್ಡ ಜೆಟ್ಟು ಹಾಕಿ ಓಡಿಸಿ, ಪ್ಲಗ್ಗು ಬಿಚ್ಚಿ ಅದರ ಬಣ್ಣ ನೋಡುತ್ತಾಳೆ. ಬಿಳಿಚಿದ್ದರೆ ಒಣ ಉರಿ, ಮಸಿಯಾದರೆ ಹೊಟ್ಟೆ ಭಾರ, ಕಾಫಿಪುಡಿಯ ಬಣ್ಣವಿದ್ದರೆ ಸರಿ. ಪದೇ ಪದೇ ಹೊಂದಿಸಬೇಕಾದ ಕಾಂಟ್ಯಾಕ್ಟ್ ಪಾಯಿಂಟುಗಳ ಜಾಗಕ್ಕೆ ಎಲೆಕ್ಟ್ರಾನಿಕ್ ಇಗ್ನಿಷನ್ ಬಂತು. ಡ್ರಮ್ ಬ್ರೇಕು ಕಾದರೆ ಹಿಡಿತ ಸಡಿಲವಾಗುವುದರಿಂದ ಲೈನಿಂಗ್ ಹೊಸದಾಯಿತು. ನಡುಕಕ್ಕೆ ಬೋಲ್ಟುಗಳು ಸಡಿಲವಾಗದಂತೆ ತಲೆಗೆ ತೂತು ಕೊರೆದು ತಂತಿ ಬಿಗಿದಳು. ಹಿಡಿಕೆಯ ಲಿವರುಗಳನ್ನು ತನ್ನ ಬೆರಳಿನ ಅಳತೆಗೆ ಹತ್ತಿರ ತಂದಳು. ಗಂಡಸಿನ ಕೈಗೆಂದು ಮಾಡಿದ ಲಿವರನ್ನು ಆರು ಗಂಟೆ ಹಿಚುಕಿದರೆ ಯಾರ ಮುಂಗೈಯಾದರೂ ಸೋಲುತ್ತದೆ. ಅದಕ್ಕೆ ತ್ರಾಣ ಸಾಲದು ಎನ್ನುವವರು ಮೊದಲು ಲಿವರನ್ನು ನೋಡಲಿ.

ಹಳಬರ ಜಾಣತನವನ್ನು ಅವಳು ಮುಟ್ಟಲಿಲ್ಲ. ಚೈನನ್ನು ಪೂರ್ತಿ ಮುಚ್ಚುವ ತಗಡಿನ ಪೆಟ್ಟಿಗೆ ಹಾಗೇ ಇದೆ, ಧೂಳು ತಾಗದ ಚೈನು ಹೆಚ್ಚು ಬಾಳುತ್ತದೆ. ಹಿಂದಿನ ಚಕ್ರವನ್ನು ಚೈನು ಬಿಚ್ಚದೆ ಹೊರತೆಗೆಯುವ ವ್ಯವಸ್ಥೆ ಮೊದಲೇ ಇದೆ. ಪಂಕ್ಚರಾದಾಗ ಅದರ ಬೆಲೆ ತಿಳಿಯುತ್ತದೆ.

ಇದನ್ನೆಲ್ಲ ನೋಡುತ್ತ ನೋಡುತ್ತ ನನಗೆ ಒಂದು ಸಿಟ್ಟು ಹುಟ್ಟಿತು. ಈ ಲೇಖನ ಬರೆಸುತ್ತಿರುವುದು ಆ ಸಿಟ್ಟೇ. ತಾಳಿಕೆಯ ಓಟವೆಂದರೆ ಸುಮ್ಮನೆ ತಾಳಿಕೊಳ್ಳುವುದಲ್ಲ. ಎಲ್ಲಿ ಮುರಿಯುತ್ತದೆ ಎಂದು ಮೊದಲೇ ಯೋಚಿಸಬೇಕು. ಕಾದಾಗ ತಣಿಸಬೇಕು, ಖಾಲಿಯಾದಾಗ ತುಂಬಬೇಕು, ಸವೆದದ್ದನ್ನು ಬದಲಿಸಬೇಕು, ಸರದಿ ಮುಗಿದ ಸವಾರಳನ್ನು ಇಳಿಸಿ ಇನ್ನೊಬ್ಬಳನ್ನು ಹತ್ತಿಸಬೇಕು. ಫ್ರಾನ್ಸಿನಲ್ಲಿ 1922ರಲ್ಲಿ ಶುರುವಾದ ಬೋಲ್ ದೋರ್ ಎಂಬ ಇಪ್ಪತ್ತನಾಲ್ಕು ಗಂಟೆಯ ಓಟದಲ್ಲಿ ಮೊದಮೊದಲು ಒಬ್ಬನೇ ಸವಾರ ಇಡೀ ಹಗಲು ರಾತ್ರಿ ಓಡಿಸಬೇಕಿತ್ತು. 1954ರಲ್ಲಿ ಒಂದು ಬೈಕಿಗೆ ಇಬ್ಬರು ಎಂದಾಯಿತು, 1977ರಲ್ಲಿ ಮೂವರಿಗೂ ಅವಕಾಶ ಬಂತು. ಅದರಿಂದ ಆ ಓಟದ ಮರ್ಯಾದೆಯೇನೂ ಕಡಿಮೆಯಾಗಲಿಲ್ಲ.

ನಮ್ಮ ಮನೆಗಳಲ್ಲಿ ಇನ್ನೂ 1953 ನಡೆಯುತ್ತಿದೆ. 'ತಾಳಿದವನು ಬಾಳಿಯಾನು' ಎಂಬ ಗಾದೆಯಲ್ಲಿ ಗಂಡಸಿನ ಹೆಸರಿದೆ, ತಾಳುವ ಕೆಲಸ ಮಾತ್ರ ನಮ್ಮದು. ಬೈಕಿಗೆ ಪ್ರತಿ ಗಂಟೆಗೆ ಪ್ಲಗ್ಗಿನ ಬಣ್ಣ ನೋಡುವವರಿದ್ದಾರೆ. ಮೂರು ವರ್ಷದಲ್ಲಿ ನನ್ನ ಮುಖದ ಬಣ್ಣ ನೋಡಿ 'ಅತ್ತಿಗೆ, ಈ ವಾರ ಅಮ್ಮನನ್ನು ನಾನು ನೋಡಿಕೊಳ್ಳುತ್ತೇನೆ' ಎಂದವರು ಒಬ್ಬರಿರಲಿಲ್ಲ. ಅತ್ತೆಯ ಮೇಲೆ ನನಗೆ ಬೇಸರವಿಲ್ಲ, ಅವರು ನನ್ನ ಕೈ ಹಿಡಿದೇ ಹೋದರು. ಬೇಸರವಿರುವುದು ಹೊಗಳಿಕೆಯ ಮೇಲೆ. ಹೊಗಳಿದರೆ ಕೈ ಹಚ್ಚಬೇಕಾಗಿಲ್ಲ ನೋಡಿ.

ಅಪಾಯವಿಲ್ಲವೇ ಎಂದು ನೀವು ಕೇಳಬಹುದು. ಇದೆ. ಅದಕ್ಕೇ ಚರ್ಮದ ಉಡುಪು, ಒಳ್ಳೆಯ ಹೆಲ್ಮೆಟ್ಟು, ಬೂಟು ಇವಕ್ಕೆ ಮೊದಲು ಹಣ ತೆಗೆದಿಡು, ಮಿಕ್ಕದ್ದು ಎಂಜಿನ್ನಿಗೆ ಎಂದು ನಾನು ಷರತ್ತು ಹಾಕಿದೆ. ಪೆಟ್ರೋಲು ತುಂಬುವಾಗ ಎಂಜಿನ್ ನಿಂತಿರಬೇಕು, ಬೆಂಕಿ ಆರಿಸುವ ಸಿಲಿಂಡರು ಹಿಡಿದು ಒಬ್ಬರು ಪಕ್ಕದಲ್ಲಿರಬೇಕು ಎಂಬುದು ಅವಳೇ ಬರೆದುಕೊಂಡ ನಿಯಮ. ಹೆದರಿ ಬಾಗಿಲು ಹಾಕುವುದಕ್ಕಿಂತ ಹೆದರಿ ಸಿದ್ಧವಾಗುವುದು ಮೇಲು ಎಂದು ನನಗೆ ಈಗ ಅನಿಸುತ್ತದೆ.

ಓಟ ಮುಂದಿನ ತಿಂಗಳ ಎರಡನೆಯ ಭಾನುವಾರ. ಗೆಲ್ಲುತ್ತಾರೆಂದು ನಾನು ಹೇಳುವುದಿಲ್ಲ, ಮುಗಿಸಿದರೆ ಸಾಕೆಂದು ಅವರೇ ಹೇಳುತ್ತಾರೆ. ನನಗೂ ಒಂದು ಕೆಲಸ ಸಿಕ್ಕಿದೆ: ಪಕ್ಕದ ಕಟ್ಟೆಯ ಮೇಲೆ ಗಡಿಯಾರ, ಪೆನ್ಸಿಲು ಹಿಡಿದು ಕೂತು ಸುತ್ತುಗಳ ಲೆಕ್ಕ ಬರೆಯುವುದು, ಪೆಟ್ರೋಲಿಗೆ ಯಾವಾಗ ಕರೆಯಬೇಕೆಂದು ಹೇಳುವುದು. ಹಾಲಿನವನ ಲೆಕ್ಕದಲ್ಲಿ ಮೂವತ್ತು ವರ್ಷ ತಪ್ಪದವಳು ಇದರಲ್ಲೂ ತಪ್ಪಲಾರೆ. ಆ ಭಾನುವಾರ ಮನೆಯಲ್ಲಿ ಅಡುಗೆ ಯಾರದು ಎಂದು ನಮ್ಮವರು ಕೇಳಿದರು. ಸರದಿಯ ಚೀಟಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ, ಅವರ ಹೆಸರು ಮೊದಲಿದೆ. ಮೈದುನರ ಹೆಸರನ್ನೂ ಬರೆದಿದ್ದೇನೆ, ಆ ದಿನ ಊಟಕ್ಕೆ ಬರುವುದಿದ್ದರೆ.