ಕಸದೊಡನೆ ಕಾಳೂ ಹೋಗದಿರಲಿ

ಮಲ್ಕಾಜ್‌ಗಿರಿ, ಸಿಕಂದರಾಬಾದು, ಕಾಚಿಗುಡಗಳಲ್ಲಿರುವ ನಮ್ಮವರ ಹೊಟೇಲುಗಳಲ್ಲಿ ಇಂದು ಗಲ್ಲಾಪೆಟ್ಟಿಗೆಯ ಪಕ್ಕದಲ್ಲೊಂದು ಕಂಪ್ಯೂಟರು ಇಲ್ಲದಿರುವುದು ಅಪರೂಪ. ದಿನಸಿ ವ್ಯಾಪಾರಿಯ ಬಿಲ್ಲು, ತೆರಿಗೆಯ ಇಲಾಖೆಯ ಸೂಚನೆ, ಬ್ಯಾಂಕಿನ ತಿಳಿವಳಿಕೆ, ಮದುವೆಯೂಟದ ಆರ್ಡರು, ಇವೆಲ್ಲವೂ ಈಗ ಇ-ಮೇಲಿನ ದಾರಿ ಹಿಡಿದಿವೆ. ಬಹುಮಾನದ ಆಸೆ ತೋರಿಸುವ, ಬೇಡದ ಸಾಲವನ್ನು ಬಲವಂತವಾಗಿ ಕೊಡಬರುವ, ಬ್ಯಾಂಕಿನ ವೇಷ ಹಾಕಿಕೊಂಡು ಗುಟ್ಟಿನ ಸಂಖ್ಯೆ ಕೇಳುವ ಕಸವೂ ಅದೇ ದಾರಿಯಿಂದ ಬರುತ್ತದೆ. ಈ ಕಸವನ್ನು ಬೇರ್ಪಡಿಸುವ ಏರ್ಪಾಡು ಮೇಲ್ ನೋಡುವ ಪ್ರೋಗ್ರಾಮಿನಲ್ಲಿಯೇ ಇದೆ. ಆದರೆ ಕಂಪ್ಯೂಟರನ್ನು ತಂದು ಕೂರಿಸಿದವನು ಮೊದಲ ದಿನ ಹೇಗೆ ಇಟ್ಟುಹೋದನೋ ಹಾಗೆಯೇ ಅದು ವರ್ಷಗಟ್ಟಲೆ ಇರುತ್ತದೆ. ಮಹತ್ತ್ವದ ಪತ್ರವೊಂದು ಕೈತಪ್ಪಿದ ದಿನ ಮಾತ್ರ ಮಾಲಿಕರ ಕೋಪವೆಲ್ಲ ಗುಮಾಸ್ತನ ತಲೆಯ ಮೇಲೆ ಎರಗುತ್ತದೆ. ಇದು ನ್ಯಾಯವೂ ಅಲ್ಲ, ವಿವೇಕವೂ ಅಲ್ಲವೆಂದು ನಾವು ಹೇಳಬಯಸುತ್ತೇವೆ.

ಈ ಪೀಡೆ ಹೊಸದೇನೂ ಅಲ್ಲ. 1978ರ ಮೇ ತಿಂಗಳಲ್ಲಿ ಅಮೇರಿಕೆಯ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯ ಗ್ಯಾರಿ ಥರ್ಕ್ ಎಂಬವರು ತಮ್ಮ ಯಂತ್ರಗಳ ಪ್ರಚಾರಕ್ಕಾಗಿ ಸುಮಾರು 400 ಮಂದಿಗೆ ಒಮ್ಮೆಲೇ ಕಳುಹಿಸಿದ ಪತ್ರವೇ ಇದರ ಮೂಲವೆಂದು ಎಣಿಸಲಾಗಿದೆ. ಅಂಚೆಯ ಮೂಲಕ ಜಾಹೀರಾತು ಕಳುಹಿಸುವವನು ಒಂದೊಂದು ಲಕೋಟೆಗೂ ಸ್ಟಾಂಪಿನ ಹಣ ತೆರಬೇಕು. ಇ-ಮೇಲಿನಲ್ಲಿ ಹತ್ತು ಮಂದಿಗೆ ಕಳುಹಿಸಿದರೂ ಹತ್ತು ಲಕ್ಷ ಮಂದಿಗೆ ಕಳುಹಿಸಿದರೂ ವೆಚ್ಚದಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ. ಲಕ್ಷದಲ್ಲಿ ಒಬ್ಬನು ಮೋಸಹೋದರೂ ಕಳುಹಿಸಿದವನಿಗೆ ಲಾಭವೇ. ಆದುದರಿಂದ ಇದು ತಾನಾಗಿ ನಿಲ್ಲುವುದೆಂದು ಯಾರೂ ಆಶಿಸಬಾರದು. ಟೆಲಿಫೋನು ಮತ್ತು ಎಸ್ಸೆಮ್ಮೆಸ್ಸಿನ ಕಾಟವನ್ನು ತಡೆಯಲು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2010ರಲ್ಲಿಯೂ 2018ರಲ್ಲಿಯೂ ನಿಯಮಗಳನ್ನು ಮಾಡಿತು. ಇ-ಮೇಲು ಆ ನಿಯಮಗಳ ವ್ಯಾಪ್ತಿಗೆ ಬರುವುದಿಲ್ಲ. ನಮ್ಮ ಬಾಗಿಲನ್ನು ನಾವೇ ಕಾಯಬೇಕಾಗಿದೆ.

ಕಾಯುವುದೆಂದರೆ ಬಾಗಿಲನ್ನು ಮುಚ್ಚಿ ಅಗಳಿ ಹಾಕುವುದಲ್ಲ. ನಮ್ಮ ಹೊಟೇಲುಗಳಲ್ಲಿ ಬಹುವಾಗಿ ಕಾಣುವ ಹಳೆಯ ಬಗೆಯ ಔಟ್‌ಲುಕ್ಕನ್ನೇ ನೋಡೋಣ. ಅದರ 'ಜಂಕ್ ಇ-ಮೇಲ್ ಆಪ್ಷನ್ಸ್' ಎಂಬಲ್ಲಿ ನಾಲ್ಕು ಮಟ್ಟಗಳಿವೆ. ತಾನಾಗಿ ಏನನ್ನೂ ಸೋಸದಿರುವುದು ಒಂದು. ಕಣ್ಣಿಗೆ ಕಾಣುವಂಥ ಕಸವನ್ನಷ್ಟೇ ತೆಗೆಯುವ 'ಲೋ' ಎರಡನೆಯದು. ಹೆಚ್ಚು ತೆಗೆದರೂ ಒಳ್ಳೆಯ ಪತ್ರವನ್ನೂ ಆಗಾಗ ತಳ್ಳಿಬಿಡುವ 'ಹೈ' ಮೂರನೆಯದು. ನಾವು ಪಟ್ಟಿ ಮಾಡಿದವರ ಪತ್ರವನ್ನು ಮಾತ್ರ ಒಳಬಿಡುವ 'ಸೇಫ್ ಲಿಸ್ಟ್ಸ್ ಓನ್ಲಿ' ನಾಲ್ಕನೆಯದು. ಇವುಗಳ ಕೆಳಗೆ, ಸಂಶಯ ಬಂದ ಪತ್ರವನ್ನು ಜಂಕ್ ಫೋಲ್ಡರಿಗೆ ಹಾಕದೆ ನೇರವಾಗಿ ಅಳಿಸಿಬಿಡುವ ಒಂದು ಚೌಕವೂ ಇದೆ.

ಕಿರಿಕಿರಿಯಿಂದ ಬೇಸತ್ತವರು ನಾಲ್ಕನೆಯ ಮಟ್ಟವನ್ನೇರಿಸಿ, ಆ ಚೌಕಕ್ಕೂ ಗುರುತು ಹಾಕಿ ನಿಶ್ಚಿಂತರಾಗುವುದುಂಟು. ಗಲ್ಲಾದ ಮುಂದೆ ಕೂತು ಬೆಳೆದ ನಮಗೆ ಇದು ಸರಿದೋರದು. ಹೊಟೇಲಿಗೆ ಬರುವವರಲ್ಲಿ ಪರಿಚಿತರಿಗೆ ಮಾತ್ರ ಎಲೆ ಹಾಕುತ್ತೇವೆಂದರೆ ವ್ಯಾಪಾರ ನಡೆದೀತೇ? ಹೊಸ ಗಿರಾಕಿಯ ಮೊದಲ ಪತ್ರ ಯಾವ ಪಟ್ಟಿಯಲ್ಲಿಯೂ ಇರುವುದಿಲ್ಲ. ಮೊರದಲ್ಲಿ ಕೇರುವ ಹೆಂಗಸು ಹೊಟ್ಟನ್ನು ಹಾರಿಸುತ್ತಾಳೆ, ಆದರೆ ಹಾರಿದ್ದರಲ್ಲಿ ಕಾಳಿದೆಯೇ ಎಂದು ಒಮ್ಮೆ ಕಣ್ಣಾಡಿಸದೆ ಏಳುವುದಿಲ್ಲ. ಮಟ್ಟವು 'ಲೋ' ಎಂಬಲ್ಲಿರಲಿ. ಅಳಿಸುವ ಚೌಕಕ್ಕೆ ಗುರುತು ಬೇಡವೇ ಬೇಡ.

ಇನ್ನು ಪಟ್ಟಿಗಳ ಮಾತು. ತೆರಿಗೆ ಸಲಹೆಗಾರರು, ಬ್ಯಾಂಕು, ದಿನಸಿ ಕಳುಹಿಸುವವರು, ಇವರ ಪೂರ್ಣ ವಿಳಾಸವನ್ನು ಸುರಕ್ಷಿತ ಪಟ್ಟಿಗೆ ಸೇರಿಸಬೇಕು. ತಡೆಯುವ ಪಟ್ಟಿಯಿಂದ ಬಹಳ ಪ್ರಯೋಜನವಿಲ್ಲ. ಕಸ ಕಳುಹಿಸುವವನು ದಿನಕ್ಕೊಂದು ವಿಳಾಸ ಬದಲಿಸುತ್ತಾನೆ. ಸಿಟ್ಟಿನಲ್ಲಿ 'ಜಿಮೇಲ್' ಎಂಬ ಮನೆತನವನ್ನೇ ತಡೆದರೆ ಅರ್ಧ ಊರನ್ನೇ ಹೊರಗಿಟ್ಟಂತಾಗುತ್ತದೆ. ದೇಶದೇಶಗಳ ವಿಳಾಸದ ಕೊನೆಯಕ್ಷರ ನೋಡಿ ತಡೆಯುವ ಪಟ್ಟಿಯೂ ಉಂಟು. ಅದರಲ್ಲಿ ಎಲ್ಲಕ್ಕೂ ಗುರುತು ಹಾಕಿದವನಿಗೆ ದುಬೈಯಲ್ಲಿರುವ ತಮ್ಮನ ಕಂಪನಿಯ ಕಾಗದವೂ ಕಾಣಿಸದೆ ಹೋದೀತು. ಇನ್ನೊಂದು ಮಾತನ್ನು ಬಹಳ ಮಂದಿ ಅರಿಯರು. ಔಟ್‌ಲುಕ್ಕಿನೊಳಗಿನ ಜರಡಿಗೆ ಹೊಸ ಕಸದ ಗುರುತುಗಳನ್ನು ಒದಗಿಸುವುದನ್ನು ಮೈಕ್ರೋಸಾಫ್ಟ್ ಕಂಪನಿಯು 2016ರ ನವೆಂಬರ್ 1ರಿಂದ ನಿಲ್ಲಿಸಿತು. ಈಗ ಸೋಸುವ ಕೆಲಸ ಹೆಚ್ಚಾಗಿ ನಡೆಯುವುದು ಮೇಲ್ ಒದಗಿಸುವ ಕಂಪನಿಯ ಕಡೆಯಲ್ಲಿ. ಥಂಡರ್‌ಬರ್ಡ್ ಎಂಬ ಉಚಿತ ಪ್ರೋಗ್ರಾಮಿನ ಜರಡಿ ಬೇರೆ ಬಗೆಯದು. ನಾವು ಇದು ಕಸ, ಇದು ಕಸವಲ್ಲ ಎಂದು ಗುರುತು ಹಾಕಿದಂತೆಲ್ಲ ಕಲಿಯುತ್ತದೆ. ಕನ್ನಡದ ಕಾಗದವೂ ಕಾಗದವೇ ಎಂಬುದನ್ನು ನಾವೇ ಅದಕ್ಕೆ ಕಲಿಸಬೇಕು.

ಅಪಾಯದ ಮೂಲ ಮತ್ತೊಂದು ಕಡೆ ಇದೆ. ಅನೇಕ ಹೊಟೇಲುಗಳಲ್ಲಿ ಮೇಲನ್ನು 'ಪಾಪ್' ಎಂಬ ಹಳೆಯ ಪದ್ಧತಿಯಿಂದ ತರಿಸಿಕೊಳ್ಳುತ್ತಾರೆ. ಈ ಪದ್ಧತಿಯಲ್ಲಿ ಇನ್‌ಬಾಕ್ಸಿಗೆ ಬಂದದ್ದು ಮಾತ್ರ ನಮ್ಮ ಕಂಪ್ಯೂಟರಿಗೆ ಇಳಿಯುತ್ತದೆ. ಕಂಪನಿಯವರು ಅಲ್ಲಿಯೇ ಕಸವೆಂದು ತೆಗೆದಿಟ್ಟ ಪತ್ರ ನಮ್ಮ ಪರದೆಯ ಮೇಲೆ ಎಂದೂ ಮೂಡದು. ಜಿಮೇಲಿನಲ್ಲಾದರೆ ಅದು 30 ದಿನ ಅಲ್ಲಿದ್ದು ಅಳಿಸಿಹೋಗುತ್ತದೆ. ಗುಮಾಸ್ತನು ತನ್ನ ಕಂಪ್ಯೂಟರಿನ ಜಂಕ್ ಫೋಲ್ಡರನ್ನು ದಿನವೂ ಶ್ರದ್ಧೆಯಿಂದ ನೋಡಿದರೂ ಆ ಪತ್ರ ಅವನಿಗೆ ಸಿಕ್ಕದು. ಹಾಗಿರುವಲ್ಲಿ ಅವನನ್ನು ಬೈದು ಫಲವೇನು? ಎಲ್ಲ ಫೋಲ್ಡರುಗಳನ್ನೂ ತೋರಿಸುವ 'ಐಮ್ಯಾಪ್' ಪದ್ಧತಿಗೆ ಬದಲಿಸಬೇಕು. ಆಗದಿದ್ದರೆ ವಾರಕ್ಕೆರಡು ಸಲವಾದರೂ ಬ್ರೌಸರಿನ ಮೂಲಕ ಹೋಗಿ ಅಲ್ಲಿಯ ಸ್ಪ್ಯಾಮ್ ಫೋಲ್ಡರನ್ನು ನೋಡಬೇಕು.

ಇಷ್ಟೆಲ್ಲ ಏಕೆಂದು ಕೇಳುವವರು ಕಾನೂನನ್ನು ನೋಡಲಿ. ಕೇಂದ್ರ ಸರಕು ಮತ್ತು ಸೇವಾ ತೆರಿಗೆಯ 2017ರ ಅಧಿನಿಯಮದ 169ನೆಯ ಕಲಮಿನಂತೆ, ನೋಂದಣಿಯ ಕಾಲದಲ್ಲಿ ಕೊಟ್ಟ ಇ-ಮೇಲ್ ವಿಳಾಸಕ್ಕೆ ಕಳುಹಿಸುವುದೂ ನೋಟೀಸು ಜಾರಿ ಮಾಡುವ ಒಂದು ಕ್ರಮವೇ ಆಗಿದೆ. ರಿಟರ್ನ್ ಸಲ್ಲಿಸದವರಿಗೆ 46ನೆಯ ಕಲಮಿನ ನೋಟೀಸು ಕೊಡುವ ಅವಕಾಶ 15 ದಿನ. ಆ 15 ದಿನವೂ ನೋಟೀಸು ಕಸದಲ್ಲಿ ಬಿದ್ದಿದ್ದರೆ, ನಮಗೆ ಕಾಣಲಿಲ್ಲವೆಂಬ ನೆಪವನ್ನು ನೆಚ್ಚಿ ಕೂರುವುದು ಬುದ್ಧಿವಂತಿಕೆಯಲ್ಲ. ನಷ್ಟವು ಮಾಲಿಕರದಾದರೂ, ಕೆಲಸ ಕಳೆದುಕೊಳ್ಳುವ ಭಯ ಗುಮಾಸ್ತನದು.

ಆದುದರಿಂದ ಮಾಲಿಕ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟು. ಅಡುಗೆಮನೆಯ ಉಗ್ರಾಣಕ್ಕೆ ಒಬ್ಬನನ್ನು ಹೊಣೆ ಮಾಡುವಂತೆ ಮೇಲಿಗೂ ಒಬ್ಬನನ್ನು ಹೊಣೆ ಮಾಡಿರಿ. ಅವನಿಗೆ ಬೆಳಗಿನ ತಿಂಡಿಯ ಗಡಿಬಿಡಿ ಮುಗಿದ ಮೇಲೆ ಹತ್ತು ನಿಮಿಷದ ಬಿಡುವು ಕೊಡಿರಿ. ಸೆಟ್ಟಿಂಗುಗಳನ್ನು ನೀವೂ ಜೊತೆಗೆ ಕೂತು ಒಮ್ಮೆ ನೋಡಿರಿ. ಹೊಣೆಯನ್ನು ಹೊರಿಸಿ ವೇಳೆಯನ್ನು ಕೊಡದವರಿಗೆ ಬೈಯುವ ಹಕ್ಕಿಲ್ಲ.

ನೌಕರ ಮಿತ್ರರಿಗೂ ಒಂದು ಮಾತು. ಜಂಕ್ ಫೋಲ್ಡರಿನಲ್ಲಿ ಹುಡುಕುವಾಗ ಅವಸರ ಬೇಡ. ಕಳುಹಿಸಿದವನ ಹೆಸರನ್ನಲ್ಲ, ಪೂರ್ಣ ವಿಳಾಸವನ್ನು ಓದಿರಿ. ಅಲ್ಲಿರುವ ಬಿಲ್ಲನ್ನು ಒತ್ತಿ ತೆರೆಯುವ ಮೊದಲು ಕಳುಹಿಸಿದವರಿಗೆ ಫೋನು ಮಾಡಿ ವಿಚಾರಿಸಿರಿ. ತೆರಿಗೆಯ ನೋಟೀಸೆಂದು ಬಂದುದನ್ನು ಸರ್ಕಾರದ ಪೋರ್ಟಲಿನಲ್ಲಿಯೇ ಹೋಗಿ ತಾಳೆ ನೋಡಿರಿ. ಹಣ ಹೋದುದು ತಿಳಿದೊಡನೆ 1930 ಎಂಬ ಸಂಖ್ಯೆಗೆ ದೂರು ಕೊಡಿರಿ, ನಾಚಿಕೊಂಡು ಮುಚ್ಚಿಡಬೇಡಿರಿ. ಊರು ಬಿಟ್ಟು ಬಂದು ಇಲ್ಲಿ ನಾಲ್ಕು ಕಾಸು ಕೂಡಿಸಿದವರ ಹಣ ಒಂದು ಸುಳ್ಳು ಕಾಗದದಿಂದ ಹೋಗಬಾರದು, ಒಬ್ಬರ ಅನ್ನ ಒಂದು ನಿಜವಾದ ಕಾಗದ ಕಾಣದೆ ಹೋದುದರಿಂದ ತಪ್ಪಬಾರದು. ಎರಡಕ್ಕೂ ಬೇಕಾದುದು ದಿನಕ್ಕೆ ಹತ್ತು ನಿಮಿಷದ ಎಚ್ಚರ. ಅದನ್ನು ಕೊಡಲಾರದಷ್ಟು ಬಡತನ ಯಾವ ಹೊಟೇಲಿಗೂ ಇಲ್ಲವೆಂದು ನಾವು ನಂಬಿದ್ದೇವೆ.